ಎಚ್-ಇಂಡೆಕ್ಸ್ ನೋಡಿ ಕ್ಯಾನ್ಸರ್ ಸರ್ಜನ್ ಆರಿಸಬಹುದೇ?

ನಿಮ್ಮ ಚಿಕ್ಕಪ್ಪನಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್, ಬೆಂಗಳೂರಿನ ಇಬ್ಬರು ಸರ್ಜನ್‌ಗಳ ಹೆಸರು ಸಿಕ್ಕಿದೆ, ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್ ತಾಣದಲ್ಲಿ ಒಬ್ಬರ ಎಚ್-ಇಂಡೆಕ್ಸ್ 41, ಇನ್ನೊಬ್ಬರದು 7. ಮೊದಲನೆಯವರೇ ಒಳ್ಳೆಯವರಲ್ಲವೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಹೇಳಲಾಗದು. ನಾನು ಡಾಕ್ಟರ್ ಅಲ್ಲ, ಇಲ್ಲಿನ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂದಾಗಲೆಲ್ಲ ಪ್ರೊಫೆಸರುಗಳ ಈ ಅಂಕಿಗಳನ್ನು ಕಲೆಹಾಕಿ ಕೊಡುವವರು ನಾವೇ.

41 ಅಂದರೆ, ತಲಾ ಕನಿಷ್ಠ 41 ಸಲ ಬೇರೆ ಲೇಖನಗಳಲ್ಲಿ ಉಲ್ಲೇಖಗೊಂಡ 41 ಪೇಪರ್‌ಗಳು ಅವರ ಹೆಸರಿನಲ್ಲಿವೆ, ಅಷ್ಟೇ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ. ಇದು ಏರುತ್ತದೆಯೇ ಹೊರತು ಸಾಮಾನ್ಯವಾಗಿ ಇಳಿಯುವುದಿಲ್ಲ. ನಿವೃತ್ತಿಯಾಗಿ ಕತ್ತರಿ ಕೆಳಗಿಟ್ಟವರದೂ ಏರುತ್ತಲೇ ಇರಬಹುದು. ಹಾಗಾಗಿ ಇಬ್ಬರ ವಯಸ್ಸನ್ನು ಮೊದಲು ನೋಡಿ.

ನಮ್ಮ ಕಡೆಯ ಹೆಸರುಗಳದ್ದು ಬೇರೆಯೇ ಫಜೀತಿ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಮಣ್ಣು ಪರೀಕ್ಷೆ ಮಾಡುವ ಯಾವುದೋ ಕುಮಾರ್ ಎಸ್ ಅವರ ಪೇಪರ್ ಸರ್ಜನ್ ಕುಮಾರ್ ಎಸ್ ಅವರ ಪ್ರೊಫೈಲ್‌ನಲ್ಲಿ ಹಾಯಾಗಿ ಕೂತಿರುತ್ತದೆ, ಇವರದೇ ಪೇಪರ್ ಹೊರಗಿರುತ್ತದೆ. ಯಾರಾದರೂ ಕೂತು ತಿದ್ದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಲ್ಲೇಖ ಎಣಿಸುವ ಇನ್ನೊಂದು ತಾಣವಾದ ಸ್ಕೋಪಸ್‌ನಲ್ಲಿ ಅದೇ ವ್ಯಕ್ತಿಯ ಅಂಕಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಏಕೆಂದರೆ ಗೂಗಲ್ ಸ್ಕಾಲರ್ ಆದರೆ ಪ್ರಬಂಧ, ಥೀಸಿಸ್ ಎಲ್ಲವನ್ನೂ ಎಣಿಸುತ್ತದೆ.

ಪೇಪರ್‌ನ ಲೇಖಕರ ಪಟ್ಟಿಯಲ್ಲಿ ಹೆಸರು ಎಲ್ಲಿದೆ ಎನ್ನುವುದೂ ಮುಖ್ಯ. 2021ರಲ್ಲಿ ಕೋವಿಡ್ ಲಸಿಕೆ ಮತ್ತು ಸರ್ಜರಿ ಕುರಿತು ಬಂದ ಒಂದೇ ಪೇಪರ್‌ಗೆ 15,025 ಲೇಖಕರು. ಅದು ಗಿನ್ನೆಸ್ ದಾಖಲೆ. ಮದುವೆಯ ಗ್ರೂಪ್ ಫೋಟೋದಲ್ಲಿ ನಿಂತವರೆಲ್ಲ ಅಡುಗೆ ಮಾಡಿದವರಲ್ಲ ತಾನೇ? ವೈದ್ಯಕೀಯದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದವರದು, ಕೊನೆಯದು ಮಾಡಿಸಿದ ಹಿರಿಯರದು. ನಡುವಿನ ಹೆಸರುಗಳನ್ನೇ ಕೂಡಿಸಿದರೂ ಇಂಡೆಕ್ಸ್ ಚೆನ್ನಾಗಿಯೇ ಬೆಳೆಯುತ್ತದೆ.

ಹಾಗಂತ ಸಂಶೋಧನೆ ನಿಮಗೆ ಕೆಲಸಕ್ಕೆ ಬಾರದ್ದು ಎಂದಲ್ಲ. ಆಗ ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಚಿಕ್ಕಪ್ಪನಂಥವರಿಗೇ ಸಂಬಂಧಿಸಿದ್ದು. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದಾಗ, ಮೊದಲ ಆಪರೇಷನ್‌ನಲ್ಲೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕೇ, ಗಂಟು ಬಂದ ಮೇಲೆ ತೆಗೆದರೆ ಸಾಕೇ ಎಂಬ ವಾದ ವರ್ಷಗಟ್ಟಲೆ ನಡೆದಿತ್ತು. 500 ರೋಗಿಗಳ ಲೆಕ್ಕದಲ್ಲಿ, ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕುಳಿದವರು 80%, ಕಾದವರಲ್ಲಿ 67.5%. ಇಂಥ ಪೇಪರ್‌ಗೆ ಉಲ್ಲೇಖ ಹರಿದುಬಂದರೆ ಅದಕ್ಕೆ ಅರ್ಥವಿದೆ. ನಿಮ್ಮ ಸರ್ಜನ್ ಇದನ್ನು ಬರೆದಿರಬೇಕಿಲ್ಲ, ಓದಿದ್ದರೆ ಸಾಕು. "ಕುತ್ತಿಗೆಯದನ್ನೂ ಈಗಲೇ ತೆಗೀತೀರಾ ಡಾಕ್ಟ್ರೇ? ಯಾಕೆ?" ಎಂದು ಕೇಳಿ ನೋಡಿ. ಕಾರಣ ಬಿಡಿಸಿ ಹೇಳಿದರೆ ಅದು 41ಕ್ಕಿಂತ ದೊಡ್ಡ ಮಾಹಿತಿ.

ಇನ್ನು 7ರವರು. ಹೊಸೂರು ರಸ್ತೆಯ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಅಂಥ ಕಡೆ ಬೆಳಿಗ್ಗೆ ಓಟಿ ಹೊಕ್ಕವರಿಗೆ ಬರೆಯಲು ಪುರುಸೊತ್ತು ಎಲ್ಲಿಂದ? ಎಷ್ಟು ಆಪರೇಷನ್ ಮಾಡುತ್ತಾರೆ ಎಂಬುದನ್ನು ಎಚ್-ಇಂಡೆಕ್ಸ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ 2003ರಲ್ಲಿ ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ನೋಡಿದ ಎಂಟು ಬಗೆಯ ಹೃದಯ-ರಕ್ತನಾಳ ಮತ್ತು ಕ್ಯಾನ್ಸರ್ ಆಪರೇಷನ್‌ಗಳಲ್ಲೂ ಹೆಚ್ಚು ಕೇಸ್ ಮಾಡುವ ಸರ್ಜನ್‌ಗಳ ಕೈಯಲ್ಲಿ ಸಾವು ಕಡಿಮೆ ಇತ್ತು. ಆದ್ದರಿಂದ ಇಬ್ಬರನ್ನೂ ಕೇಳಿ: ಇದೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ತೆಗೆದ ಜಾಗಕ್ಕೆ ಫ್ಲಾಪ್ (ದೇಹದ ಬೇರೆ ಕಡೆಯಿಂದ ತಂದ ಚರ್ಮ-ಮಾಂಸ) ಹಾಕಲು ಪ್ಲಾಸ್ಟಿಕ್ ಸರ್ಜನ್ ಇದ್ದಾರಾ, ಕೇಸನ್ನು ಟ್ಯೂಮರ್ ಬೋರ್ಡ್‌ನಲ್ಲಿ, ಅಂದರೆ ಬೇರೆ ಬೇರೆ ತಜ್ಞರು ಕೂತು ಚರ್ಚಿಸುವ ಸಭೆಯಲ್ಲಿ, ಇಡುತ್ತೀರಾ.

ಹೋಲಿಕೆ ಮಾಡುತ್ತಾ ವಾರಗಟ್ಟಲೆ ಕಳೆಯಬೇಡಿ. ಹೋಗುವಾಗ ಬಯಾಪ್ಸಿ ರಿಪೋರ್ಟ್ ಒಂದೇ ಸಾಲದು, ಸ್ಲೈಡ್ ಮತ್ತು ಬ್ಲಾಕ್ (ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟದ್ದು) ಕೂಡ ಲ್ಯಾಬ್‌ನಿಂದ ಇಸಿದುಕೊಂಡು ಹೋಗಿ. ಹೊಸ ಆಸ್ಪತ್ರೆಯವರು ಅದನ್ನೇ ಮೊದಲು ಕೇಳುತ್ತಾರೆ.