25 ಲಕ್ಷದೊಳಗೆ ಎರಡು ಸೀಟಿನ ಹಳೆ ವಿಮಾನ ಸಿಗುತ್ತಾ? ಮೈಸೂರಿನಲ್ಲಿ ಇಟ್ಟುಕೊಳ್ಳೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು ಅಂತ ನನಗೆ ಅರ್ಥವಾಯಿತು: ಮೈಸೂರಿನಲ್ಲಿದ್ದೀರಿ, ಖಾಸಗಿ ಪೈಲಟ್ ಲೈಸೆನ್ಸ್ (ಪಿಪಿಎಲ್) ಇನ್ನೇನು ಕೈಗೆ ಬರುತ್ತದೆ, 25 ಲಕ್ಷ ಕೂಡಿಟ್ಟಿದ್ದೀರಿ. ಅಮೆರಿಕದ ಜಾಹೀರಾತಿನಲ್ಲಿ ಆ ದುಡ್ಡಿಗೆ ಸೆಸ್ನಾ 150 ಅನ್ನೋ ಎರಡು ಸೀಟಿನ ವಿಮಾನ ಕಂಡಿದೆ. ತರಿಸಿಕೊಳ್ಳಲಾ ಅಂತ ಕೇಳಿದ್ದೀರಿ.

ತರಿಸಬೇಡಿ. ಇಲ್ಲೇ ಹುಡುಕಿ.

ನಾನು ಪಿಸ್ಟನ್ ಎಂಜಿನ್ ವಿಮಾನಗಳ ಮೇಲೆ ಕೆಲಸ ಮಾಡಿದ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್. ಈಗ ಕುವೆಂಪುನಗರದಲ್ಲಿ ಆರಾಮಾಗಿದ್ದೇನೆ. ಪರಿಚಯದವರು ಯಾರಾದರೂ ವಿಮಾನ ನೋಡೋಕೆ ಹೊರಟರೆ ಜೊತೆಗೆ ಕರೆಯುತ್ತಾರೆ, ಹೋಗುತ್ತೇನೆ. ಎಲ್ಲರಿಗೂ ಹೇಳೋದು ಒಂದೇ ಮಾತು: ವಿಟಿ ನಂಬರ್ (ಭಾರತದ ನೋಂದಣಿ) ಇರುವ, ಎಆರ್‌ಸಿ (ಹಾರಲು ಯೋಗ್ಯ ಅನ್ನೋ ಪ್ರಮಾಣಪತ್ರ) ಚಾಲ್ತಿಯಲ್ಲಿರುವ, ಈಗಲೂ ಹಾರುತ್ತಿರುವ ವಿಮಾನವನ್ನೇ ಕೊಳ್ಳಿ. ಲಾರಿಗೆ ಎಫ್‌ಸಿ ಇದ್ದ ಹಾಗೆ ವಿಮಾನಕ್ಕೆ ಎಆರ್‌ಸಿ, ವರ್ಷ ವರ್ಷ ಮಾಡಿಸಬೇಕು. ಅದು ತಪ್ಪಿಹೋಗಿ ಮೂಲೆಯಲ್ಲಿ ನಿಂತ ವಿಮಾನ ಅರ್ಧ ರೇಟಿಗೆ ಸಿಗುತ್ತದೆ. ಅದನ್ನು ಮತ್ತೆ ಹಾರಿಸುವ ಹೊತ್ತಿಗೆ ಉಳಿದ ಅರ್ಧವೂ ಹೋಗಿರುತ್ತದೆ, ಮೇಲೆ ಇನ್ನಷ್ಟು.

ಅಮೆರಿಕದ ರೇಟು ನೋಡಿ ಆಸೆ ಆಗೋದು ಸಹಜ. ಆದರೆ ಲೆಕ್ಕ ಹಾಕಿ. ಸೆಸ್ನಾ 150 ತಯಾರಾಗಿದ್ದು 1958ರಿಂದ 1977ರವರೆಗೆ. ಅದರ ನಂತರ ಬಂದ 152, 1985ಕ್ಕೆ ನಿಂತಿತು. ಅಂದರೆ ಅತೀ ಹೊಸ 152ಗೇ ಈಗ ಸುಮಾರು 40 ವರ್ಷ. ಹೊರಗಿನಿಂದ ತರುವ ಹಳೆ ವಿಮಾನಗಳ ವಯಸ್ಸಿಗೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮ ಇದೆ, ಅದರ ಮುಂದೆ ಇದು ನಿಲ್ಲೋದು ಕಷ್ಟ. ರೆಕ್ಕೆ ಬಿಚ್ಚಿ, ಕಂಟೇನರಿಗೆ ತುಂಬಿ, ಹಡಗಿನಲ್ಲಿ ತಂದು, ಇಲ್ಲಿ ಮತ್ತೆ ಜೋಡಿಸುವ ಖರ್ಚು ಬೇರೆ. ಸ್ವಂತ ಬಳಕೆಯ ವಿಮಾನಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೇ ಶೇ 40. ಅಲ್ಲಿಗೆ ನಿಮ್ಮ 25 ಲಕ್ಷ ಎಲ್ಲಿ ನಿಲ್ಲುತ್ತದೆ, ನೀವೇ ನೋಡಿ.

ಇಲ್ಲಿ ವಿಮಾನಗಳು ಜಾಹೀರಾತಿನಲ್ಲಿ ಮಾರಾಟವಾಗೋದು ಕಡಿಮೆ. ಫ್ಲೈಯಿಂಗ್ ಕ್ಲಬ್‌ಗಳು, ತರಬೇತಿ ಶಾಲೆಗಳು ಹಳೆ ವಿಮಾನ ತೆಗೆದುಹಾಕುವಾಗ ಸುದ್ದಿ ಮೊದಲು ಗೊತ್ತಾಗೋದು ಅಲ್ಲಿನ ಎಎಂಇಗಳಿಗೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ಹೋಗಿ ಒಂದು ದಿನ ಕಾಫಿ ಕುಡಿಯುತ್ತಾ ಕೂತರೆ ಇಂಟರ್‌ನೆಟ್‌ನಲ್ಲಿ ತಿಂಗಳುಗಟ್ಟಲೆ ಹುಡುಕಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ.

ಯಾವುದು ಕೊಳ್ಳಬೇಕು? ನನ್ನ ಆಯ್ಕೆ 152. ಅದರ ಲೈಕಮಿಂಗ್ ಎಂಜಿನ್ ಗೊತ್ತಿರುವವರು ಸಿಗುತ್ತಾರೆ, ಸ್ಪೇರ್ ಸಿಗುತ್ತದೆ. ಬೆಂಗಳೂರಿನ ಎನ್‌ಎಎಲ್ ಮಾಡಿದ ಹಂಸ-3 ಕೂಡ ಎರಡು ಸೀಟಿನದೇ, ಒಳ್ಳೆ ವಿಮಾನ. ಆದರೆ ತಯಾರಾಗಿದ್ದೇ ಕಡಿಮೆ, ಮಾರಾಟಕ್ಕೆ ಬರೋದು ಅಪರೂಪ. ಎಚ್‌ಎಎಲ್‌ನ ತುಂಬಾ ಹಳೆಯ ಪುಷ್ಪಕ್ ವಿಮಾನ ಯಾರಾದರೂ ತೋರಿಸಿದರೆ ಫೋಟೋ ತೆಗೆದುಕೊಂಡು ಬನ್ನಿ, ಸಾಕು. ನಿಜವಾಗಲೂ ಕಡಿಮೆ ಬಜೆಟ್ ಅಂದರೆ ಮೈಕ್ರೋಲೈಟ್, ಅಂದರೆ ತೀರಾ ಹಗುರ ವಿಮಾನ. ಬೆಂಗಳೂರಿನಲ್ಲೇ ತಯಾರಾದ ಎಕ್ಸ್-ಏರ್‌ನಂಥವು ನಮ್ಮ ಕಡೆ ಸಿಗುತ್ತವೆ. ರೆಕ್ಕೆ ಬಟ್ಟೆಯದು, ಬಿಸಿಲಿಗೆ ಸತ್ತುಹೋಗುತ್ತದೆ, ಹೊರಗೆ ನಿಲ್ಲಿಸಿದ್ದನ್ನು ಮುಟ್ಟಬೇಡಿ. ಟೂ ಸ್ಟ್ರೋಕ್ ರೋಟಾಕ್ಸ್ 582 ಎಂಜಿನ್ ಇದ್ದರೆ 300 ಗಂಟೆಗೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಬೇಕು ಅನ್ನೋದನ್ನೂ ಮರೆಯಬೇಡಿ.

ಈಗ ಮುಖ್ಯ ವಿಷಯ, ನೋಡುವುದು ಹೇಗೆ.

ಮಂಡ್ಯದ ಗೆಳೆಯರೊಬ್ಬರ ಜೊತೆ ಒಂದು 152 ನೋಡಲು ಹೋಗಿದ್ದೆ. ಅವರದು ಅಕ್ಕಿ ಗಿರಣಿ, ಯಂತ್ರ ಅಂದರೆ ಪ್ರಾಣ. ವಿಮಾನಕ್ಕೆ ಹೊಸ ಪೇಂಟು, ಹೊಸ ಸೀಟ್ ಕವರ್. ಮಾರುವವರು ಅದನ್ನೇ ತೋರಿಸುತ್ತಿದ್ದರು. ನಾನು ಎಂಜಿನ್ ಬಿಸಿ ಮಾಡಿಸಿ, ಎಂಜಿನ್ ಮುಚ್ಚಳ (ಕೌಲಿಂಗ್) ಬಿಚ್ಚಿಸಿ, ಪ್ಲಗ್ ತೆಗೆಸಿ ಕಂಪ್ರೆಷನ್ ನೋಡಲು ಕೂತೆ. ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿಗೆ 80 ಪಿಎಸ್‌ಐ ಗಾಳಿ ಕೊಡಬೇಕು, ಎಷ್ಟು ಉಳಿಯುತ್ತದೆ ಅಂತ ಎರಡನೇ ಗೇಜ್ ತೋರಿಸುತ್ತದೆ. ಆಗ ಒಬ್ಬರು ಪ್ರೊಪೆಲರ್ ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ತಿರುಗಿ ಕೈ ಮುರಿಯುತ್ತದೆ. ಮೂರು ಸಿಲಿಂಡರ್ 74, 75, 73. ನಾಲ್ಕನೆಯದು 58. ಗೆಳೆಯರು ತಾವಾಗೇ ಬಗ್ಗಿ ಸೈಲೆನ್ಸರ್ ಕೊಳವೆಗೆ ಕಿವಿ ಇಟ್ಟರು. "ಇಲ್ಲಿ ಬುಸ್ ಅಂತದೆ ಕಣಣ್ಣ" ಅಂದರು.

ಅಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್ ಹೋಗಿದೆ. ಏರ್ ಫಿಲ್ಟರ್ ಕಡೆ ಕೇಳಿಸಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿಸಿದರೆ ರಿಂಗ್. ಒಂದು ಸಿಲಿಂಡರ್ ಸರಿ ಮಾಡಿಸಬಹುದು, ಅದಕ್ಕೇ ಬಿಟ್ಟುಬರಬೇಕಿಲ್ಲ. ಬೇಡ ಅನ್ನಿಸಿದ್ದು ಎಂಜಿನ್ ಲಾಗ್, ಅಂದರೆ ಓಡಿದ ಗಂಟೆ, ರಿಪೇರಿ ಎಲ್ಲ ಬರೆದಿಡುವ ಪುಸ್ತಕ ನೋಡಿದ ಮೇಲೆ. ನಡುವೆ ಸುಮಾರು ಒಂದು ವರ್ಷ ಎಂಟ್ರಿಯೇ ಇಲ್ಲ, ಅಂದರೆ ಎಂಜಿನ್ ಸುಮ್ಮನೆ ನಿಂತಿತ್ತು. ಲೈಕಮಿಂಗ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುತ್ತದೆ. ಎಂಜಿನ್ ನಿಂತರೆ ಆಯಿಲ್ ಎಲ್ಲ ಕೆಳಗಿಳಿದು ಕ್ಯಾಮ್ ಒಣಗುತ್ತದೆ, ತುಕ್ಕು ಕೂರುತ್ತದೆ. ಮತ್ತೆ ಓಡಿಸಿದಾಗ ಆ ತುಕ್ಕೇ ಕ್ಯಾಮನ್ನು ತಿನ್ನುತ್ತದೆ. ಕಂಪ್ರೆಷನ್‌ನಲ್ಲಿ ಇದು ಕಾಣೋದೇ ಇಲ್ಲ. ಆಯಿಲ್ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ ನೋಡಿದರೆ ಲೋಹದ ಚೂರು ಸಿಗುತ್ತದೆ. ಫಿಲ್ಟರ್ ಕತ್ತರಿಸೋಕೆ ಅವರು ಒಪ್ಪಲಿಲ್ಲ, ರೇಟು ಇಳಿಸುತ್ತೇವೆ ಅಂದರು. ನಾವು ಊಟ ಮಾಡಿ ವಾಪಸ್ ಬಂದೆವು.

152ರ ಎಂಜಿನ್ ಓವರ್‌ಹಾಲ್ ಗಡುವು 2,400 ಗಂಟೆ. ಇಂಥ ವಿಮಾನಗಳಲ್ಲಿ ಓವರ್‌ಹಾಲ್ ಖರ್ಚು ವಿಮಾನದ ಬೆಲೆಯ ಹತ್ತಿರ ಹತ್ತಿರ ಬರುತ್ತದೆ. ಹಾಗಾಗಿ ನೀವು ಕೊಳ್ಳುತ್ತಿರೋದು ಎಂಜಿನ್‌ನಲ್ಲಿ ಉಳಿದಿರುವ ಗಂಟೆಗಳನ್ನು. ಬಾಡಿ 10,000 ಗಂಟೆ ಹಾರಿದ್ದರೂ ನಾನು ತಲೆ ಕೆಡಿಸಿಕೊಳ್ಳಲ್ಲ, ಆದರೆ ಎಂಜಿನ್ ಹಿಂದಿರುವ ಲೋಹದ ಗೋಡೆ ಸುಕ್ಕುಗಟ್ಟಿದೆಯಾ ಅಂತ ನೋಡುತ್ತೇನೆ. ಕಲಿಯುವ ಹುಡುಗರು ಮುಂದಿನ ಚಕ್ರ ಕುಟ್ಟಿ ಇಳಿಸಿದ್ದಕ್ಕೆ ಸಾಕ್ಷಿ ಅದೇ. ಸೀಟ್ ರೈಲ್ ತೂತುಗಳು ಸವೆದಿವೆಯಾ ನೋಡಿ, ಸೆಸ್ನಾಗಳಲ್ಲಿ ಟೇಕಾಫ್ ಆಗುವಾಗ ಸೀಟ್ ಹಿಂದಕ್ಕೆ ಜಾರಿ ಜನ ಸತ್ತಿದ್ದಾರೆ. ಸಮುದ್ರದ ಹತ್ತಿರ ಇದ್ದ ವಿಮಾನವಾದರೆ ಕಾರ್ಪೆಟ್ ಎತ್ತಿಸಿ ತುಕ್ಕು ನೋಡಿ.

ಮೈಸೂರಿನ ವಿಷಯಕ್ಕೆ ಬಂದರೆ, ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್. ನಿಮಗೆ ಅದರ ಅರ್ಧವೂ ಬೇಡ. ತೊಂದರೆ ಇರೋದು ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ ಸಿಗೋದರಲ್ಲಿ. ಅಡ್ವಾನ್ಸ್ ಕೊಡುವ ಮೊದಲೇ ಜಾಗದ ಮಾತು ಮುಗಿಸಿ, ಬರಹದಲ್ಲಿ ತೆಗೆದುಕೊಳ್ಳಿ. ಆ ಮಂಡ್ಯದ ಗೆಳೆಯರಿಗೆ ಕಬ್ಬಿನ ಗದ್ದೆ ಪಕ್ಕ ಸ್ವಂತ ರನ್‌ವೇ ಮಾಡಿ ಇಳಿಸೋಣ ಅನ್ನೋ ಆಸೆ ಇತ್ತು. ಅನುಮತಿಗಳ ಪಟ್ಟಿ ನೋಡಿ ಸುಮ್ಮನಾದರು.

ಇನ್ನೊಂದು, ನಮ್ಮ ಊರು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಎಂಜಿನ್ ಪಾಲಿಗೆ ಅದು 5,000 ಅಡಿ ಮೇಲಿದ್ದ ಲೆಕ್ಕ, ಶಕ್ತಿ ಕುಗ್ಗುತ್ತದೆ. 152ರ ಗರಿಷ್ಠ ತೂಕ 757 ಕೆಜಿ. ಟ್ಯಾಂಕ್ ತುಂಬಿಸಿದರೆ ಇಬ್ಬರಿಗೆ ಉಳಿಯೋದು ಸುಮಾರು 170 ಕೆಜಿ. ಮುದ್ದೆ ಉಂಡು ಬೆಳೆದ ಇಬ್ಬರು ಕೂತರೆ ಪೆಟ್ರೋಲ್ ಇಳಿಸಬೇಕಾಗುತ್ತದೆ. ಬೆಳಿಗ್ಗೆ ಬೇಗ ಹಾರಿ.

ಪೆಟ್ರೋಲ್ ಅಂದೆ, ಆದರೆ 152ಗೆ ಬೇಕಾಗೋದು ಅವ್‌ಗ್ಯಾಸ್ ಅನ್ನೋ ವಿಮಾನದ ಪೆಟ್ರೋಲ್, ಗಂಟೆಗೆ 22–23 ಲೀಟರ್. ಇಂಡಿಯನ್ ಆಯಿಲ್ 2022ರಿಂದ ಇಲ್ಲೇ ತಯಾರಿಸುತ್ತಿದೆ. ಮೈಕ್ರೋಲೈಟ್‌ಗಳ ರೋಟಾಕ್ಸ್ 912 ಎಂಜಿನ್‌ಗೆ ಬಂಕಿನ ಪೆಟ್ರೋಲ್ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಂಪನಿ ಬಿಡೋದು ಶೇ 10 ಎಥನಾಲ್‌ವರೆಗೆ, ಈಗ ಬಂಕಿನಲ್ಲಿರೋದು ಶೇ 20. ಕಬ್ಬು ಬೆಳೆಯುವ ಮಂಡ್ಯದವರಿಗೆ ಎಥನಾಲ್‌ನಿಂದ ಲಾಭ, ವಿಮಾನದ ರಬ್ಬರ್ ಪೈಪಿಗೆ ಅಲ್ಲ.

25 ಲಕ್ಷವನ್ನೂ ವಿಮಾನಕ್ಕೆ ಸುರಿಯಬೇಡಿ, ಮೂರನೇ ಒಂದು ಪಾಲು ರಿಪೇರಿಗೆ ಅಂತ ಎತ್ತಿಡಿ. ಆಗಲ್ಲ ಅನ್ನಿಸಿದರೆ ಮೂರು ನಾಲ್ಕು ಜನ ಸೇರಿ ಕೊಳ್ಳಿ, ಒಬ್ಬರು ಬಿಟ್ಟುಹೋದರೆ ಪಾಲು ಹೇಗೆ ಅಂತ ಮೊದಲೇ ಬರೆದಿಡಿ. ಯಾವುದಾದರೂ ವಿಮಾನ ಕಣ್ಣಿಗೆ ಬಿದ್ದರೆ ಎಂಜಿನ್ ಲಾಗ್‌ನ ಕೊನೆಯ ಪುಟಗಳು, ಎಆರ್‌ಸಿ, ಕೊನೆಯ ಕಂಪ್ರೆಷನ್ ರೀಡಿಂಗ್, ಇಷ್ಟರ ಫೋಟೋ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.