ಸಿವಿಲ್ ಕೋರ್ಟಿನ ಅಧಿಕಾರ ಇದೆ, ಆದರೆ ಅದು ಕೋರ್ಟ್ ಅಲ್ಲ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ ಎಂದ ಮೇಲೆ ತಪ್ಪು ಮಾಡಿದ ಪೊಲೀಸರನ್ನು ಆಯೋಗವೇ ಜೈಲಿಗೆ ಕಳಿಸಬಹುದಲ್ವಾ ಎಂದು ಕೇಳಿದ್ದೀರಿ. ಇಲ್ಲ, ಕಳಿಸಲು ಆಗುವುದಿಲ್ಲ.

ಈ ಗೊಂದಲ ತುಂಬಾ ಜನರಿಗಿದೆ. ಆಯೋಗ ಹುಟ್ಟಿದ್ದು ಸಂವಿಧಾನದಿಂದಲ್ಲ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿಂದ. ಅದರ 13ನೇ ಸೆಕ್ಷನ್‌ನಲ್ಲಿ ನೀವು ಹೇಳಿದ ಅಧಿಕಾರ ಇದೆ ನಿಜ. ಆದರೆ ಅದು ವಿಚಾರಣೆ ನಡೆಸುವುದಕ್ಕೆ ಮಾತ್ರ. ಸಾಕ್ಷಿಗಳಿಗೆ ಸಮನ್ಸ್ ಕೊಡಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು, ಕಚೇರಿಯ ಕಡತ ತರಿಸಿಕೊಳ್ಳಬಹುದು. ತೀರ್ಪು ಕೊಡುವ ಮಾತೇ ಅಲ್ಲಿಲ್ಲ.

ವಿಚಾರಣೆ ಮುಗಿದ ಮೇಲಿನ ಕಥೆ 18ನೇ ಸೆಕ್ಷನ್‌ನಲ್ಲಿದೆ. ಪರಿಹಾರ ಕೊಡಿ, ಮೊಕದ್ದಮೆ ಹೂಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಸರ್ಕಾರ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಒಪ್ಪದೆ ಸುಮ್ನೆ ಕೂತರೆ? ಆಯೋಗವೇ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗಿ ಆದೇಶ ಕೇಳಬಹುದು. ನನ್ನ ಪ್ರಕಾರ ಆಯೋಗದ ನಿಜವಾದ ಹಲ್ಲು ಇದೇ, ಆದರೆ ಜನ ಇದರ ಬಗ್ಗೆ ಮಾತಾಡುವುದು ಕಡಿಮೆ.

ಸೇನೆಯ ಮೇಲಿನ ದೂರಾದರೆ ಅಧಿಕಾರ ಇನ್ನೂ ಕಡಿಮೆ. ಅಲ್ಲಿ 19ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದಿಂದ ವರದಿ ಕೇಳಬೇಕು, ಅಷ್ಟೇ. ಅದನ್ನು ನೋಡಿ ದೂರು ಕೈಬಿಡಬಹುದು, ಇಲ್ಲವೇ ಶಿಫಾರಸು ಮಾಡಬಹುದು.

ನೀವೇ ದೂರು ಕೊಡುವುದಿದ್ದರೆ ತಡ ಮಾಡಬೇಡಿ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಇದೇ ವಿಷಯ ಈಗಾಗಲೇ ರಾಜ್ಯ ಆಯೋಗದ ಮುಂದಿದ್ದರೂ ಅಷ್ಟೇ. ಶುಲ್ಕ ಇಲ್ಲ, ಕನ್ನಡದಲ್ಲೇ ಬರೆಯಬಹುದು.