ಬೈಕಿನ ಸೈಡ್ ಬಾಕ್ಸ್ ಲಾಕ್ ಕೂರುತ್ತಿಲ್ಲ. ಮನೆಯಲ್ಲೇ ರಿಪೇರಿ ಮಾಡಬಹುದಾ, ವಾರಂಟಿಯಲ್ಲಿ ಕೊಡಬೇಕಾ?

ಬಾಕ್ಸ್ ತಗೊಂಡು ಎಂಟೇ ತಿಂಗಳು, ಒತ್ತಿದರೂ ಲಾಕ್ ತಾನಾಗಿ ಬಿಟ್ಟುಕೊಳ್ಳುತ್ತದೆ ಅಂದಿದ್ದೀರಿ. ವಾರಂಟಿ ಇದ್ದರೆ ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಬಿಚ್ಚಿದ ಗುರುತೋ ಹೊಸ ತೂತೋ ಕಂಡರೆ ವಾರಂಟಿ ಇಲ್ಲ ಅನ್ನಲು ಕಂಪನಿಯವರಿಗೆ ಅಷ್ಟೇ ಸಾಕು. ಲಾಕ್ ಜಾರುವುದನ್ನು ವಿಡಿಯೋ ಮಾಡಿ, ಬಿಲ್ ಜೊತೆ ವಾಟ್ಸಾಪ್ ಮಾಡಿ. ಬಾಯಿಮಾತು ಸಾಲದು. ಸುಮ್ನೆ ಅಲೆದಾಡಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ಕ್ಲೀನ್ ಮಾಡಿ ನೋಡಲು ಮಾತ್ರ ಅಡ್ಡಿಯಿಲ್ಲ. ನಮ್ಮ ಮಲ್ಪೆ, ಸುರತ್ಕಲ್ ಕಡೆ ಉಪ್ಪುಗಾಳಿ ಅಲ್ವಾ, ಒಳಗಿನ ಸಣ್ಣ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ನನ್ನ ಬಾಕ್ಸ್ ಪಡುಬಿದ್ರಿ ಹತ್ತಿರ ಹೆದ್ದಾರಿಯಲ್ಲೇ ಬಾಯಿ ಬಿಟ್ಟು, ರೈನ್‌ಕೋಟ್ ಹಾರಿಹೋಯ್ತು. ನೋಡಿದರೆ ಕೊಕ್ಕೆಯ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದೆ, ಸರಿಯಾಯಿತು. ತೆಂಗಿನೆಣ್ಣೆ ಬೇಡ, ಧೂಳು ಅಂಟಿ ಇನ್ನೂ ಜಾಮ್ ಆಗುತ್ತದೆ.

ಇನ್ನೊಂದು, ಬಾಕ್ಸ್ ಖಾಲಿ ಮಾಡಿ ಮುಚ್ಚಿ ನೋಡಿ. ಆಗ ಸರಿಯಾಗಿ ಕೂತರೆ ನೀವು ಜಾಸ್ತಿ ತುಂಬುತ್ತಿದ್ದೀರಿ ಅಂತ. ಖಾಲಿ ಇದ್ದಾಗಲೂ ಮುಚ್ಚಳ ಅದುಮಿದರೆ ಮಾತ್ರ ಟಕ್ ಅಂದರೆ ಕೊಕ್ಕೆ ಹಿಡಿಯುವ ತಗಡು ಸರಿದಿರಬಹುದು. ವಾರಂಟಿ ಮುಗಿದಿದ್ದರೆ ಅದರ ಸ್ಕ್ರೂ ಸಡಿಲಿಸಿ ಒಂದೆರಡು ಮಿ.ಮೀ. ಸರಿಸಿ. ಪ್ಲಾಸ್ಟಿಕ್ ಹಲ್ಲೇ ಮುರಿದಿದ್ದರೆ ಅಂಟು ನಿಲ್ಲುವುದಿಲ್ಲ, ಲಾಕ್ ಸೆಟ್ಟೇ ಬದಲಿಸಬೇಕು. ಅಲ್ಲಿಯವರೆಗೆ ಬಾಕ್ಸ್ ಸುತ್ತ ಒಂದು ಬೆಲ್ಟ್ ಬಿಗಿದುಕೊಂಡು ಓಡಾಡಿ.